ಕೂಗಳತೆಯ ಆಚೆ

2023ರ ಆಟಿ ತಿಂಗಳ ಒಂದು ಮಧ್ಯಾಹ್ನ, ತೋಡಿಗೆ ಅಡ್ಡ ಹಾಕಿದ ಅಡಿಕೆಮರದ ಸಂಕದಿಂದ ಜಾರಿ ಬಿದ್ದ ಆ ಮನೆಯ ಯಜಮಾನರು ಎರಡು ಗಂಟೆಗಳ ಕಾಲ ಬಿದ್ದಲ್ಲಿಯೇ ಇದ್ದರು. ಕಣಕಾಲಿನ ಮೂಳೆ ಮುರಿದಿತ್ತು. ಮನೆ ಇದ್ದದ್ದು ಕೂಗಳತೆಯ ದೂರದಲ್ಲಿ, ಗುಡ್ಡೆಯ ಮೇಲೆ. ಆದರೆ ಮಳೆಯ ಸದ್ದಿನಲ್ಲಿ ಅವರ ಕೂಗು ತೋಟವನ್ನೇ ದಾಟಲಿಲ್ಲ. ಕಿಸೆಯಲ್ಲಿದ್ದ ಮೊಬೈಲಿಗೆ ಆ ತಗ್ಗಿನಲ್ಲಿ ಸಿಗ್ನಲ್ ಎಂದೂ ಸಿಕ್ಕಿದ್ದಿಲ್ಲ. ಕೊನೆಗೆ ಶಾಲೆ ಬಿಟ್ಟು ಅಡ್ಡದಾರಿಯಿಂದ ಬಂದ ಮಗಳು, ನೀರಿನಲ್ಲಿ ತೇಲುತ್ತಿದ್ದ ಮುಟ್ಟಾಳೆಯನ್ನು ಕಂಡು ಅಪ್ಪನನ್ನು ಹುಡುಕಿದಳು.

ಕಾಸರಗೋಡಿನ ಒಳನಾಡಿನಲ್ಲಿ, ಪಯಸ್ವಿನಿಯ ಆಸುಪಾಸಿನ ತೋಟದ ಮನೆಗಳಿಗೆ ಈ ಸ್ಥಿತಿ ಹೊಸತಲ್ಲ. ಗುಡ್ಡೆಯ ನೆತ್ತಿಯಲ್ಲಿ ನಿಂತರೆ ನಾಲ್ಕು ದಿಕ್ಕಿನ ಮಾತು ಕೇಳುತ್ತದೆ. ಹತ್ತು ಮೆಟ್ಟಿಲು ಇಳಿದರೆ ಲೋಕವೇ ಮೌನವಾಗುತ್ತದೆ. ಅಪ್ಪನ ಕಾಲಿನ ಪ್ಲಾಸ್ಟರ್ ಒಣಗುವ ಮೊದಲೇ ಅಮ್ಮ ಒಂದು ನಿರ್ಧಾರಕ್ಕೆ ಬಂದಿದ್ದರು: ತೋಟಕ್ಕೂ ಮನೆಗೂ ನಡುವೆ ಮಾತು ಹೋಗುವ ಒಂದು ವ್ಯವಸ್ಥೆ ಬೇಕು. ನಗರದಲ್ಲಿದ್ದ ಸೋದರಳಿಯ ಎರಡು ವಾಕಿಟಾಕಿಗಳನ್ನು ತರಿಸಿ ಕಳುಹಿಸಿದ. ಐದು ವ್ಯಾಟ್ ಶಕ್ತಿ, ಹತ್ತು ಕಿಲೋಮೀಟರ್ ದೂರ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಬೆಲೆ ಒಂದು ಸಾಧಾರಣ ಮೊಬೈಲಿಗಿಂತಲೂ ಕಡಿಮೆ.

ಪೆಟ್ಟಿಗೆ ಒಡೆದ ಸಂಜೆ ಮನೆಯಲ್ಲಿ ಹಬ್ಬದ ಸಡಗರವಿತ್ತು. ಕೈಪಿಡಿ ಇಂಗ್ಲಿಷಿನಲ್ಲಿತ್ತು, ಓದುವ ತಾಳ್ಮೆ ಯಾರಿಗೂ ಇರಲಿಲ್ಲ. ಐದನೆಯ ತರಗತಿಯ ತಮ್ಮ ಗುಂಡಿಗಳನ್ನು ಒತ್ತುತ್ತ ಹೋದಂತೆ ಪರದೆಯ ಮೇಲಿನ ಅಂಕೆಗಳು ಓಡಿದವು. ಒಂದೆಡೆ ಅಂಕೆ ನಿಂತಿತು. ಯಾರೋ ಇಬ್ಬರು ಗಂಭೀರವಾಗಿ ಮಲಯಾಳದಲ್ಲಿ ಮಾತನಾಡುತ್ತಿದ್ದುದು ಕೇಳಿಸಿತು. ವಾಹನ, ರಸ್ತೆ, ಸಮಯ ಇಂಥ ಮಾತುಗಳು. ಯಾವುದೋ ಇಲಾಖೆಯ ಸಿಬ್ಬಂದಿ ಇರಬೇಕು. ಹುಡುಗ ಬದಿಯ ಗುಂಡಿಯನ್ನು ಅದುಮಿ "ಹಲೋ" ಎಂದುಬಿಟ್ಟ. ಆ ಕಡೆಯ ಮಾತು ತಟ್ಟನೆ ನಿಂತಿತು. ಒಂದು ಕ್ಷಣದ ಬಳಿಕ ಗಡುಸಾದ ದನಿಯೊಂದು "ಆರಾಣ್ ಅದು?" ಎಂದು ಕೇಳಿತು.

ಅಕ್ಕ ಯಂತ್ರವನ್ನು ಕಿತ್ತುಕೊಂಡು ಆರಿಸಿದಳು. ಆ ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಆ ಊರಿನಲ್ಲಿ ಮಕ್ಕಳೆಲ್ಲ ಹಡಗಿನಜ್ಜ ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ. ಸರಕು ಹಡಗುಗಳಲ್ಲಿ ರೇಡಿಯೊ ಆಫೀಸರ್ ಆಗಿ ಸಮುದ್ರ ಸುತ್ತಿದವರು. 1999ರ ಫೆಬ್ರವರಿಯಲ್ಲಿ ಹಡಗುಗಳ ಆಪತ್ಕಾಲದ ಸಂಪರ್ಕವೆಲ್ಲ ಉಪಗ್ರಹಗಳ ಹೊಸ ವ್ಯವಸ್ಥೆಗೆ ಒಳಪಟ್ಟು ಮೋರ್ಸ್ ಸಂಕೇತದ ಕಾಲ ಮುಗಿಯಿತು. ಅವರ ಹುದ್ದೆಯೂ ಅದರ ಜೊತೆಗೇ ಮುಗಿಯಿತು. ಊರಿಗೆ ಬಂದು ತೋಟ ನೋಡಿಕೊಂಡರೂ ರೇಡಿಯೊವನ್ನು ಬಿಡಲಿಲ್ಲ. ಹ್ಯಾಮ್ ಪರವಾನಗಿ ಪಡೆದು, ಚಾವಡಿಯ ಪಕ್ಕದ ಕೋಣೆಯಲ್ಲಿ ಯಂತ್ರ ಹೂಡಿ, ಎರಡು ತೆಂಗಿನಮರಗಳ ನಡುವೆ ತಂತಿ ಕಟ್ಟಿಕೊಂಡಿದ್ದಾರೆ. ಮರುದಿನ ಬೆಳಿಗ್ಗೆ ಅಪ್ಪ ಊರುಗೋಲು ಊರುತ್ತ, ಮಗಳ ಕೈಯಲ್ಲಿ ಪೆಟ್ಟಿಗೆ ಹಿಡಿಸಿಕೊಂಡು ಅಲ್ಲಿಗೆ ಹೋದರು.

ಅಜ್ಜ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದಕ್ಕೆ ನಮ್ಮ ದೇಶದ ಮಂಜೂರಾತಿಯ ನಂಬ್ರವೇ ಇಲ್ಲವಲ್ಲ" ಎಂದರು.

"ಅಷ್ಟೆಲ್ಲ ಉಂಟಾ ಮಾವ? ಅಂಗಡಿಯಲ್ಲಿ ಮಾರುವ ವಸ್ತು ಅಲ್ವಾ?" ಅಪ್ಪನ ದನಿಯಲ್ಲಿ ಅಳುಕಿತ್ತು. "ಹಾಗಾದರೆ ಬಳಸುವುದು ಬೇಡ. ಅಟ್ಟದಲ್ಲಿ ಇಡುತ್ತೇನೆ."

"ಅಟ್ಟದಲ್ಲಿ ಇಟ್ಟರೂ ಇಟ್ಟಂತೆಯೇ" ಎಂದರು ಅಜ್ಜ. "ಹಂದಿ ಓಡಿಸುವ ಕೋವಿಯನ್ನು ಲೈಸೆನ್ಸ್ ಇಲ್ಲದೆ ಅಟ್ಟದಲ್ಲಿ ಇಟ್ಟುಕೊಳ್ಳಬಹುದಾ?"

ಕೃಷಿಕನಿಗೆ ಇದಕ್ಕಿಂತ ಚೆನ್ನಾಗಿ ಈ ಕಾನೂನನ್ನು ವಿವರಿಸಲಾಗದು. ಹೆಚ್ಚಿನ ವಸ್ತುಗಳ ವಿಷಯದಲ್ಲಿ ಕಾನೂನು ಪ್ರಶ್ನಿಸುವುದು ಬಳಕೆಯನ್ನು. ಕೆಲವೇ ವಸ್ತುಗಳ ವಿಷಯದಲ್ಲಿ ಅದು ಇಟ್ಟುಕೊಳ್ಳುವುದನ್ನೇ ಪ್ರಶ್ನಿಸುತ್ತದೆ. 1933ರ ಇಂಡಿಯನ್ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಯ ತಿರುಳೇ ಅದು. ಪರವಾನಗಿಯಿಲ್ಲದೆ ನಿಸ್ತಂತು ಯಂತ್ರವನ್ನು ಹೊಂದಿರುವುದು ಅಪರಾಧ. ಅದು ಪ್ರಸಾರ ಮಾಡಬಲ್ಲ ಯಂತ್ರವಾದರೆ ಮೂರು ವರ್ಷಗಳವರೆಗೆ ಸೆರೆಮನೆ. ಆ ಕಾಯಿದೆಯ ಮತ್ತು 1885ರ ಟೆಲಿಗ್ರಾಫ್ ಕಾಯಿದೆಯ ಸ್ಥಾನಕ್ಕೆಂದು 2023ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ದೂರಸಂಪರ್ಕ ಕಾಯಿದೆಯನ್ನು ಅಂಗೀಕರಿಸಿತು. ಅದನ್ನು ಹಂತಹಂತವಾಗಿ ಜಾರಿಗೆ ತರಲಾಗುತ್ತಿದೆ. ರೇಡಿಯೊ ಉಪಕರಣವನ್ನು ಹೊಂದಲು ಅನುಮತಿ ಇಲ್ಲವೇ ವಿನಾಯಿತಿ ಬೇಕೆಂಬ ತತ್ತ್ವವನ್ನು ಹೊಸ ಕಾಯಿದೆಯೂ ಕೈಬಿಟ್ಟಿಲ್ಲ.

ಇಷ್ಟು ಬಿಗಿ ಏಕೆ ಎಂದು ಮಗಳು ಕೇಳಿದಾಗ ಅಜ್ಜ ನೆಲದ ಉದಾಹರಣೆ ಕೊಟ್ಟರು. ಆಕಾಶ ಎಷ್ಟೇ ವಿಶಾಲವಾದರೂ ಮಾತು ಸಾಗಲು ತಕ್ಕ ಅಲೆಗಳ ಹರವು ಸೀಮಿತ. ಅದರಲ್ಲಿ ವಿಮಾನಕ್ಕೆ ಒಂದು ಪಾಲು, ಹಡಗಿಗೆ ಒಂದು, ಪೊಲೀಸರಿಗೆ ಒಂದು, ಮೊಬೈಲಿಗೆ ಒಂದು ಎಂದು ಗಡಿಕಲ್ಲು ನೆಟ್ಟು ಹಂಚಲಾಗಿದೆ. ಅವರು ತರಿಸಿದ ಯಂತ್ರ 136ರಿಂದ 174 ಮೆಗಾಹರ್ಟ್ಸ್, ಮತ್ತೆ 400ರಿಂದ 520 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಮಾತನಾಡಬಲ್ಲದು. ಬೇಲಿ ಹಾರಬಲ್ಲ ದನಕ್ಕೆ ಯಾರ ಗದ್ದೆಯೆಂಬ ಅರಿವಿಲ್ಲ. ಹುಡುಗ "ಹಲೋ" ಎಂದ ಆ ಎರಡು ಕ್ಷಣಗಳಲ್ಲಿ, ಆ ಕಡೆಯವರು ಒಬ್ಬ ಗಾಯಾಳುವಿಗಾಗಿ ಆಂಬುಲೆನ್ಸ್ ಕರೆಯುತ್ತಿದ್ದಿದ್ದರೆ ಆ ಮಾತು ಮುಳುಗಿಹೋಗುತ್ತಿತ್ತು.

ಅಪ್ಪ ತಲೆ ತಗ್ಗಿಸಿದರು. ಎರಡು ಗಂಟೆ ತೋಡಿನಲ್ಲಿ ಕೂಗಿದ ಮನುಷ್ಯನಿಗೆ, ಮುಳುಗಿಹೋದ ಕೂಗು ಎಂದರೇನೆಂದು ಬೇರೆಯವರು ಹೇಳಬೇಕಿರಲಿಲ್ಲ.

"ಯಂತ್ರ ಯಾವುದು ಒಳ್ಳೆಯದು ಎಂದು ಮೊದಲು ಕೇಳಬೇಡಿ" ಎಂದು ಅಜ್ಜ ಮುಂದುವರಿಸಿದರು. "ಯಾರು ಯಾರೊಡನೆ ಮಾತನಾಡಬೇಕು, ಎಷ್ಟು ದೂರ, ಯಾವ ಕಾರ್ಯಕ್ಕೆ, ಈ ಮೂರನ್ನು ಮೊದಲು ಹೇಳಿ." ಉತ್ತರ ಸರಳವಾಗಿತ್ತು: ತೋಟದಲ್ಲಿರುವ ಅಪ್ಪ, ಮನೆಯಲ್ಲಿರುವ ಅಮ್ಮನೊಡನೆ, ನಾನೂರು ಮೀಟರ್, ತೋಟದ ಕೆಲಸಕ್ಕೆ ಮತ್ತು ಆಪತ್ತಿಗೆ. ಈ ಉತ್ತರ ಸಿಕ್ಕಮೇಲೆ ಅವರು ಇರುವ ಬಾಗಿಲುಗಳನ್ನು ಒಂದೊಂದಾಗಿ ತೋರಿಸಿದರು.

ಮೊದಲನೆಯದು 446.0ರಿಂದ 446.2 ಮೆಗಾಹರ್ಟ್ಸ್‌ನ ಕಿರಿದಾದ ಓಣಿ. 2018ರಲ್ಲಿ ಕೇಂದ್ರ ಸರಕಾರ ಇದನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಪರೀಕ್ಷೆ ಇಲ್ಲ, ಅರ್ಜಿ ಇಲ್ಲ. ಮನೆಯವರು, ಕೆಲಸದವರು ಯಾರೂ ಬಳಸಬಹುದು. ಶಕ್ತಿ ಮಾತ್ರ ಅರ್ಧ ವ್ಯಾಟ್ ಮೀರಬಾರದು. ಎರಡನೆಯದು 27 ಮೆಗಾಹರ್ಟ್ಸ್‌ನ ಪಟ್ಟಿ; 2005ರ ನಿಯಮಗಳಂತೆ ಐದು ವ್ಯಾಟ್‌ವರೆಗೆ ಪರವಾನಗಿ ಬೇಡ. ಆದರೆ ಅಲ್ಲಿನ ಅಲೆಯ ಉದ್ದ ಸುಮಾರು ಹನ್ನೊಂದು ಮೀಟರ್. ಅದಕ್ಕೆ ತಕ್ಕ ಆಂಟೆನಾ ಉದ್ದವಾಗಿರಬೇಕು. ಕಿಸೆಯಲ್ಲಿಟ್ಟು ತೋಟ ಸುತ್ತುವವರಿಗೆ ಒಗ್ಗದು. ಮೂರನೆಯದು ದೊಡ್ಡ ಎಸ್ಟೇಟು, ಹೋಟೆಲು, ಕಾವಲು ಸಂಸ್ಥೆಗಳು ತಮಗೇ ಒಂದು ಆವೃತ್ತಿಯನ್ನು ಗೊತ್ತುಮಾಡಿಸಿಕೊಂಡು, ಶುಲ್ಕ ಕಟ್ಟಿ ಪಡೆಯುವ ಪರವಾನಗಿ. ಒಂದು ಮನೆಯ ತೋಟಕ್ಕೆ ಅದು ಭಾರ. ನಾಲ್ಕನೆಯದು ಹವ್ಯಾಸಿಗಳ ಬಾಗಿಲು, ಅಜ್ಜ ಸ್ವತಃ ದಾಟಿದ್ದು.

"ಅಜ್ಜ, ಈ ಐದು ವ್ಯಾಟಿನ ಯಂತ್ರವನ್ನೇ 446ಕ್ಕೆ ತಿರುಗಿಸಿ ಇಟ್ಟರೆ ಆಗದಾ?" ಮಗಳ ಪ್ರಶ್ನೆ.

ಆಗದು. ವಿನಾಯಿತಿ ಇರುವುದು ಅಂಕೆಗಷ್ಟೇ ಅಲ್ಲ. ಆ ಮಿತಿಯೊಳಗೇ ದುಡಿಯುವಂತೆ ತಯಾರಾಗಿ, ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದಿಂದ ಮಾದರಿ ಮಂಜೂರಾತಿ ಪಡೆದ ಉಪಕರಣಕ್ಕೆ. ಹೆಚ್ಚು ಶಕ್ತಿಯಿಂದ ಲಾಭವೂ ಎಣಿಸಿದಷ್ಟಿಲ್ಲ. ಹತ್ತು ಪಟ್ಟು ಶಕ್ತಿ ತುಂಬಿದರೆ ತೆರೆದ ಬಯಲಿನಲ್ಲಿ ದೂರ ಹೆಚ್ಚುವುದು ಸುಮಾರು ಮೂರು ಪಟ್ಟು. ನಡುವೆ ಮುರಕಲ್ಲಿನ ಗುಡ್ಡೆ ಅಡ್ಡ ನಿಂತರೆ ಅದೂ ಇಲ್ಲ. ಪೆಟ್ಟಿಗೆಯ ಮೇಲಿನ ಹತ್ತು ಕಿಲೋಮೀಟರ್, ಎರಡು ಬೆಟ್ಟಗಳ ತುದಿಯಲ್ಲಿ ನಿಂತು ಒಬ್ಬರನ್ನೊಬ್ಬರು ನೋಡುತ್ತ ಮಾತನಾಡುವವರ ಲೆಕ್ಕ.

ಸೋದರಳಿಯನ ಮೂಲಕ ಆ ಎರಡು ಯಂತ್ರಗಳು ಬಂದ ದಾರಿಯಲ್ಲೇ ಹಿಂದಿರುಗಿದವು. ಸಾಗಣೆಯ ಹಣ ಕಳೆಯಿತು; ಅಪ್ಪ ಅದನ್ನು ಪಾಠದ ಫೀಸು ಎಂದು ಬರೆದುಕೊಂಡರು. ಅವರ ಹಾಗೆ ಮೋಸಹೋದವರು ಬಹಳ ಮಂದಿ ಇದ್ದಿರಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆನ್‌ಲೈನ್ ಮಾರಾಟ ತಾಣಗಳಲ್ಲಿ ವಾಕಿಟಾಕಿಗಳನ್ನು ನಿಯಮ ಮೀರಿ ಮಾರುವುದನ್ನು ತಡೆಯಲು ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. ಆದರೂ ಕೊಳ್ಳುವವರ ಎಚ್ಚರಕ್ಕೆ ಅದು ಬದಲಿಯಲ್ಲ. ಪೆಟ್ಟಿಗೆಯ ಮೇಲೆ ಆವೃತ್ತಿ 446.0ರಿಂದ 446.2ರ ಒಳಗಿದೆಯೇ, ಶಕ್ತಿ ಅರ್ಧ ವ್ಯಾಟೇ, ಮಂಜೂರಾತಿಯ ನಂಬ್ರವಿದೆಯೇ, ಈ ಮೂರನ್ನು ನೋಡಿದ ಬಳಿಕವೇ ಬಣ್ಣ ಮತ್ತು ಬೆಲೆ. ಮಳೆನಾಡಿನವರು ಇನ್ನೊಂದನ್ನು ನೋಡಬೇಕು: ಐಪಿ ಎಂಬ ಗುರುತು. ಐಪಿಎಕ್ಸ್ 4 ಎಂದರೆ ಎರಚಲು ತಡೆದೀತು. ಐಪಿಎಕ್ಸ್ 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಉಳಿದೀತು. ತೋಡಿಗೆ ಬಿದ್ದ ಅನುಭವಿಗಳು ಎರಡನೆಯದನ್ನೇ ಆರಿಸಿದರು.

ಹೊಸ ಯಂತ್ರಗಳು ಬಂದ ದಿನ ತಂದೆ ಮಗಳು ಮನೆಯ ಹಿಂದಿನ ಸುರಂಗದ ಬಾಯಿಯಿಂದ ಪಂಪುಶೆಡ್ಡಿನವರೆಗೆ ನಡೆದು ನಡೆದು ಪರೀಕ್ಷಿಸಿದರು. ಹೆಚ್ಚಿನ ಕಡೆ ದನಿ ಸ್ಪಷ್ಟವಾಗಿತ್ತು. ಸಂಕದ ಬಳಿ ಮಾತ್ರ, ಯಾವ ಜಾಗಕ್ಕಾಗಿ ಇಷ್ಟೆಲ್ಲ ನಡೆಯಿತೋ ಅಲ್ಲಿಯೇ, ಬರೀ ಗೊರಗೊರ. ಅಪ್ಪನ ಮುಖ ಸಪ್ಪಗಾಯಿತು. ಮಗಳು ಲೆಕ್ಕ ಹಾಕಿದಳು: ಮುನ್ನೂರನ್ನು ಮೆಗಾಹರ್ಟ್ಸ್‌ನ ಅಂಕೆಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ, 446ಕ್ಕೆ ಅದು ಸುಮಾರು 67 ಸೆಂಟಿಮೀಟರ್. ಒಂದು ಕೈ ಉದ್ದದ ಅಲೆಗೆ ದಾರಿ ಕೂಡಿಬರಲು ಒಂದೆರಡು ಹೆಜ್ಜೆಯ ವ್ಯತ್ಯಾಸವೂ ಸಾಕಾದೀತು. ಅಮ್ಮ ತನ್ನ ಯಂತ್ರವನ್ನು ಅಡುಗೆಮನೆಯ ಕಿಟಕಿಯಿಂದ ತೆಗೆದು ಜಗಲಿಯ ಮೂಲೆಯ ಎತ್ತರದ ಗೂಟಕ್ಕೆ ತೂಗಿದಾಗ ಸಂಕದಿಂದಲೂ ಮಾತು ಬಂತು. ಆ ಗೂಟ ಇಂದಿಗೂ ಆ ಯಂತ್ರಕ್ಕೇ ಮೀಸಲು.

ಮಾಘದ ಒಂದು ಬೆಳಿಗ್ಗೆ ಅದರ ಬೆಲೆ ತಿಳಿಯಿತು. ನೀರು ಬಿಡುವ ಹೊತ್ತು. ಅಪ್ಪ ಪಂಪುಶೆಡ್ಡಿನಲ್ಲಿ ಸುಟ್ಟ ವಯರನ್ನು ಬಿಚ್ಚುತ್ತಿದ್ದರು. ಕರೆಂಟು ಹೋಗಿದೆಯೆಂದು ಭಾವಿಸಿ ಅಮ್ಮ ಮನೆಯ ಮೇನ್ ಸ್ವಿಚ್ಚಿನತ್ತ ನಡೆದಿದ್ದರು. ಗೂಟದ ಯಂತ್ರ ನುಡಿಯಿತು: "ಮೇನ್ ಹಾಕಬೇಡ, ನನ್ನ ಕೈ ವಯರಿನಲ್ಲಿ ಉಂಟು." ಅಷ್ಟೇ. ಅಮ್ಮ ಸ್ವಿಚ್ಚಿನ ಬಳಿ ಹಾಗೆಯೇ ಕುಳಿತುಬಿಟ್ಟರು. ಅರ್ಧ ವ್ಯಾಟು ಸಾಕಾಗಿತ್ತು.

ಈ ನಡುವೆ ಮಗಳ ಮನಸ್ಸು ನಾಲ್ಕನೆಯ ಬಾಗಿಲಿನಲ್ಲಿ ನಿಂತಿತ್ತು. ರವಿವಾರಗಳಂದು ಅವಳು ಅಜ್ಜನ ಕೋಣೆಯಲ್ಲಿ ಕುಳಿತು ಕೇಳುತ್ತಿದ್ದಳು. ಅಲ್ಲಿಯ ಲೋಕವೇ ಬೇರೆ. 40 ಮೀಟರ್ ಪಟ್ಟಿಯಲ್ಲಿ ಸಾವಿರಾರು ಕಿಲೋಮೀಟರಿನಾಚೆಯ ದನಿಗಳು ಮೇಲಿನ ವಾಯುಮಂಡಲಕ್ಕೆ ತಾಗಿ ಮರಳಿ ಇಳಿಯುತ್ತಿದ್ದವು. 2004ರ ಡಿಸೆಂಬರಿನಲ್ಲಿ ಸುನಾಮಿ ಅಪ್ಪಳಿಸಿ ಅಂಡಮಾನಿನ ಸಂಪರ್ಕ ಕಡಿದಾಗ, ಹವ್ಯಾಸಕ್ಕಾಗಿ ಪೋರ್ಟ್ ಬ್ಲೇರಿಗೆ ಹೋಗಿದ್ದ ಹ್ಯಾಮ್‌ಗಳ ತಂಡವೇ ಹೊರಲೋಕಕ್ಕೆ ಸುದ್ದಿ ಮುಟ್ಟಿಸಿದ್ದನ್ನು ಅಜ್ಜ ಹೇಳಿದರು. ಮರುವರ್ಷ ಮೇ 5ರಂದು ಇಸ್ರೋ ಹಾರಿಸಿದ ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹ 2014ರವರೆಗೆ ಹವ್ಯಾಸಿಗಳ ಮಾತನ್ನು ಹೊತ್ತ ಕತೆಯನ್ನೂ ಹೇಳಿದರು.

ಹನ್ನೆರಡು ವರ್ಷ ತುಂಬಿದ ಭಾರತೀಯ ಮಕ್ಕಳು ಈ ಪರೀಕ್ಷೆಗೆ ಕುಳಿತುಕೊಳ್ಳಬಹುದು. 1978ರ ಹವ್ಯಾಸಿ ಸೇವೆಯ ನಿಯಮಾವಳಿಯಲ್ಲಿ, ಮುಂದೆ ಆದ ತಿದ್ದುಪಡಿಗಳ ಬಳಿಕ, ಎರಡು ದರ್ಜೆಗಳು ಉಳಿದವು: ರಿಸ್ಟ್ರಿಕ್ಟೆಡ್ ಮತ್ತು ಜನರಲ್. ಮೊದಲನೆಯದಕ್ಕೆ ಬರಹದ ಪರೀಕ್ಷೆ ಮಾತ್ರ. ಅರ್ಧ ರೇಡಿಯೊ ವಿಜ್ಞಾನ, ಅರ್ಧ ನಿಯಮಗಳು. ಎರಡನೆಯದಕ್ಕೆ ಮೋರ್ಸ್ ಸಂಕೇತವನ್ನು ನಿಮಿಷಕ್ಕೆ ಎಂಟು ಪದಗಳ ವೇಗದಲ್ಲಿ ಕಳುಹಿಸುವ, ಗ್ರಹಿಸುವ ಪರೀಕ್ಷೆಯೂ ಉಂಟು. ಹೊಸ ಕಾಯಿದೆಯಡಿ ನಿಯಮಗಳು ಬದಲಾಗುತ್ತಿರುವ ಕಾಲವಿದು. ಅರ್ಜಿ ಹಾಕುವವರು ಶುಲ್ಕವನ್ನೂ ವಿಧಾನವನ್ನೂ ಇಲಾಖೆಯ ಸದ್ಯದ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು.

ಅಪ್ಪನಿಗೆ ಇದರಲ್ಲಿ ಒಂದು ಉಪಾಯ ಹೊಳೆಯಿತು. "ಮಗಳಿಗೆ ಲೈಸೆನ್ಸ್ ಸಿಕ್ಕಿದರೆ ಆಗ ದೊಡ್ಡ ಯಂತ್ರ ಇಟ್ಟುಕೊಳ್ಳಬಹುದಲ್ಲ ಮಾವ? ಅಡಿಕೆ ರೇಟು ಕೇಳುವುದಕ್ಕೆ, ಕೆಲಸದವರನ್ನು ಕರೆಯುವುದಕ್ಕೆ..."

ಅಜ್ಜ ನಕ್ಕರು. ಹವ್ಯಾಸಿ ಸೇವೆಯ ಅರ್ಥದಲ್ಲೇ ಆ ದಾರಿ ಮುಚ್ಚಿದೆ: ಸ್ವಂತ ಕಲಿಕೆಗಾಗಿ, ಪರಸ್ಪರ ಸಂಪರ್ಕಕ್ಕಾಗಿ, ತಾಂತ್ರಿಕ ಶೋಧನೆಗಾಗಿ, ಹಣದ ಯಾವ ಆಸೆಯೂ ಇಲ್ಲದೆ ನಡೆಸುವ ಸೇವೆ ಅದು. ವ್ಯಾಪಾರದ ಮಾತಿಲ್ಲ, ಹಾಡು ಕೇಳಿಸುವುದಿಲ್ಲ, ಗುಪ್ತಸಂಕೇತವಿಲ್ಲ; ತನ್ನ ಕರೆಹೆಸರನ್ನು ಹೇಳದೆ ಮಾತಿಲ್ಲ. ಪರವಾನಗಿ ಮಗಳದಾದರೆ ಅಪ್ಪ ಅದರಲ್ಲಿ ತೋಟದ ಮಾತಾಡುವಂತಿಲ್ಲ. ತೋಟಕ್ಕೆ ತೋಟದ ಯಂತ್ರ, ಕಲಿಕೆಗೆ ಕಲಿಕೆಯ ಯಂತ್ರ. ಯಾವ ಉದ್ದೇಶಕ್ಕೆ ಎಂಬುದೇ ಈ ಕಾನೂನಿನ ಮೊದಲ ಪ್ರಶ್ನೆ. ಯಾವ ಯಂತ್ರ ಎಂಬುದು ಆಮೇಲಿನದು.

ಪರೀಕ್ಷೆಯ ಸಿದ್ಧತೆಯಲ್ಲಿ ನಿಜವಾದ ಗುಡ್ಡೆ ಅಡ್ಡ ಬಂದದ್ದು ಭಾಷೆಯ ರೂಪದಲ್ಲಿ. ಕೇಂದ್ರದ ಗಜೆಟ್ಟಿನಲ್ಲಿ ನಿಯಮಗಳು ಪ್ರಕಟವಾಗುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಕೇರಳದ ಕಚೇರಿಗಳೊಡನೆ ವ್ಯವಹರಿಸುವಾಗ ಕಾಸರಗೋಡಿನ ಕನ್ನಡಿಗರು ತಮ್ಮ ಭಾಷೆಯ ಹಕ್ಕನ್ನು ಎತ್ತಿ ಹೇಳುವುದುಂಟು. ಕುಂದುಕೊರತೆಯ ಮನವಿಯನ್ನು ಕೇಂದ್ರದ ಯಾವ ಅಧಿಕಾರಿಗೂ ದೇಶದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲೇ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಆದರೆ ಕಾನೂನನ್ನು ಓದಿ ತಿಳಿಯುವ ಕಷ್ಟಕ್ಕೆ ಅದು ಮದ್ದಲ್ಲ. ಕಾನೂನು ಗೊತ್ತಿರಲಿಲ್ಲ ಎಂಬುದು ನ್ಯಾಯಾಲಯದಲ್ಲಿ ಸಮರ್ಥನೆಯಾಗದು. ಗೊತ್ತುಮಾಡಿಕೊಳ್ಳುವ ಭಾಷೆ ಮನೆಯ ಭಾಷೆಯಲ್ಲದಾಗ ಆ ನ್ಯಾಯ ತುಸು ಹೆಚ್ಚೇ ತೂಗುತ್ತದೆ.

ಅವಳು ದೂರುತ್ತ ಕೂರಲಿಲ್ಲ. ಎರಡು ಕಂಬಸಾಲಿನ ಒಂದು ನೋಟುಪುಸ್ತಕ ಮಾಡಿದಳು. ಎಡಗಡೆ ಇಂಗ್ಲಿಷಿನ ಮಾತು, ಬಲಗಡೆ ಶಾಲೆಯ ಕನ್ನಡ ಪುಸ್ತಕದಲ್ಲಿ ಆಗಲೇ ಓದಿದ್ದ ಮಾತು: ಆವೃತ್ತಿ, ತರಂಗಾಂತರ, ರೋಧ, ವಿಭವಾಂತರ. ಅರ್ಧದಷ್ಟು ತನಗೆ ಗೊತ್ತಿದ್ದದ್ದೇ ಎಂದು ಕಂಡಾಗ ಅವಳಿಗೇ ಅಚ್ಚರಿಯಾಯಿತು. ಕನ್ನಡ ಮಾಧ್ಯಮದಲ್ಲಿ ಓದಿದವರು ಅಲ್ಲಿ ಹಿಂದೆ ಬೀಳುತ್ತಾರೆ, ಇಲ್ಲಿ ಹಿಂದೆ ಬೀಳುತ್ತಾರೆ ಎಂಬ ಮಾತನ್ನು ನೆಂಟರ ಮನೆಗಳಲ್ಲಿ ಅವಳು ಸಾಕಷ್ಟು ಕೇಳಿದ್ದಳು. ವಿಷಯ ಒಮ್ಮೆ ತಿಳಿದರೆ ಮಾತನ್ನು ಇನ್ನೊಂದು ಭಾಷೆಗೆ ಸಾಗಿಸುವುದು ಒಂದು ತಿಂಗಳ ಕೆಲಸ. ವಿಷಯವೇ ತಿಳಿಯದೆ ಕಲಿತ ಮಾತು ಪರೀಕ್ಷೆಯ ಮರುದಿನ ಆರಿಹೋಗುತ್ತದೆ. ಆ ನೋಟುಪುಸ್ತಕ ಈಗ ಅವಳ ಶಾಲೆಯಲ್ಲಿ ಕೈಯಿಂದ ಕೈಗೆ ಓಡಾಡುತ್ತಿದೆ.

ಅವಳು ರಿಸ್ಟ್ರಿಕ್ಟೆಡ್ ದರ್ಜೆಯಲ್ಲಿ ತೇರ್ಗಡೆಯಾದಳು. ಪರವಾನಗಿ ಬರಲು ತಿಂಗಳುಗಳು ಹಿಡಿದವು. ಅಷ್ಟು ದಿನವೂ ಅಜ್ಜನ ಯಂತ್ರದ ಮುಂದೆ ಕುಳಿತು ಕೇಳಿದಳೇ ಹೊರತು ಗುಂಡಿಯನ್ನು ಮುಟ್ಟಲಿಲ್ಲ. ಕೊನೆಗೆ ಬಂದ ಕರೆಹೆಸರು ವಿಯು 3 ಎಂದು ಆರಂಭವಾಗುತ್ತಿತ್ತು. ವಿಯು ಎಂದರೆ ಭಾರತ. ಅದರಲ್ಲಿ ರಾಜ್ಯದ ಗುರುತಿಲ್ಲ. 1956ರ ನವೆಂಬರ್ 1ರಂದು ಗಡಿಯ ಈ ಬದಿಯಲ್ಲಿ ಉಳಿದ ಊರಿನ ಹುಡುಗಿ, 145 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಮೊದಲ ಬಾರಿಗೆ ಕರೆದಾಗ ಉತ್ತರ ಬಂದದ್ದು ಗಡಿಯ ಆ ಬದಿಯ ಮಂಗಳೂರಿನಿಂದ. ಕರೆಹೆಸರುಗಳ ವಿನಿಮಯವಾದ ಮೇಲೆ ಆ ಕಡೆಯವರು ಕೇಳಿದರು: "ಮಗಳೇ, ನಿಮ್ಮಲ್ಲಿ ಮಳೆ ಉಂಟಾ?"

ಅಜ್ಜನ ಕೋಣೆಯಲ್ಲಿ ಹಡಗಿನ ಹಳೆಯ ಗಡಿಯಾರವೊಂದಿದೆ. ಅದರ ಮುಖದ ಮೇಲೆ ಎರಡು ಕಡೆ, ಹದಿನೈದನೆಯ ಮತ್ತು ನಲವತ್ತೈದನೆಯ ನಿಮಿಷಗಳಿಂದ ತೊಡಗಿ ಮೂರು ಮೂರು ನಿಮಿಷಗಳಷ್ಟು ಕೆಂಪು ಬಳಿದಿದೆ. ಆ ಹೊತ್ತಿನಲ್ಲಿ ಸಮುದ್ರದ ಮೇಲಿನ ಎಲ್ಲ ಹಡಗುಗಳೂ 500 ಕಿಲೋಹರ್ಟ್ಸ್‌ನಲ್ಲಿ ಮಾತು ನಿಲ್ಲಿಸಿ ಕಿವಿಗೊಡಬೇಕಿತ್ತು. ಎಲ್ಲೋ ಮುಳುಗುತ್ತಿರುವ ಹಡಗಿನ ಕ್ಷೀಣ ಕರೆ ಇತರರ ಗದ್ದಲದಲ್ಲಿ ಕಳೆದುಹೋಗದಿರಲೆಂದು ಗಂಟೆಗೆ ಎರಡು ಬಾರಿ ಮೌನ. ನಿಯಮಗಳ ಪುಸ್ತಕವನ್ನು ಕಲಿಸುವ ಮೊದಲು ಅಜ್ಜ ಅವಳಿಗೆ ತೋರಿಸಿದ್ದು ಈ ಗಡಿಯಾರವನ್ನು.

ತೋಟದ ಯಂತ್ರದಲ್ಲಿ ಗುಂಡಿ ಅದುಮಿರುವಷ್ಟು ಹೊತ್ತು ಮಾತನಾಡಬಹುದು, ಕೇಳಿಸಿಕೊಳ್ಳಲಾಗದು. 446ರ ಓಣಿ ಯಾರ ಖಾಸಗಿಯದೂ ಅಲ್ಲ. ಪೆಟ್ಟಿಗೆಯಲ್ಲಿ ಪ್ರೈವೆಸಿ ಕೋಡ್ ಎಂದು ಬರೆದಿದ್ದರೂ ಅದು ಇತರರ ದನಿಯನ್ನು ನಮ್ಮ ಕಿವಿಯಿಂದ ಮರೆಮಾಡುತ್ತದೆಯೇ ಹೊರತು ನಮ್ಮ ದನಿಯನ್ನು ಇತರರಿಂದಲ್ಲ. ಇತ್ತೀಚೆಗೆ ಆಚೆ ಗುಡ್ಡೆಯ ಮನೆಯವರೂ ಅಂಥ ಯಂತ್ರ ತಂದಿದ್ದಾರೆ. ಅವರ ಮಾತೂ ಆಗಾಗ ನಡುವೆ ಬರುತ್ತದೆ. ಅಪ್ಪ ಈಗ ಗುಂಡಿ ಒತ್ತುವ ಮೊದಲು ಯಂತ್ರವನ್ನು ಕಿವಿಯ ಬಳಿ ಹಿಡಿದು ಸ್ವಲ್ಪ ಹೊತ್ತು ಕಾಯುತ್ತಾರೆ. ಬೇರೆಯವರ ಮಾತಿದ್ದರೆ ಮುಗಿಯಲೆಂದು ನಿಲ್ಲುತ್ತಾರೆ. ಓಣಿ ಖಾಲಿಯಾದ ಬಳಿಕ, ಸಂಕದ ಮೇಲೆ ಕಾಲಿಡುವ ಮುನ್ನ, ಗುಂಡಿ ಒತ್ತಿ ಕೇಳುತ್ತಾರೆ: "ಕೇಳ್ತಾ ಉಂಟಾ?"

ಜಗಲಿಯ ಗೂಟದಿಂದ ಉತ್ತರ ಬರುತ್ತದೆ: "ಉಂಟು. ಜಾಗ್ರತೆ ದಾಟಿ."